ಆಷಾಢದಲ್ಲಿ ಅಪ್ಪೆಮಿಡಿ ಎಲ್ಲಿಂದ ಬಂತು?

ನಮಸ್ಕಾರ,

ನಿಮ್ಮ ಪತ್ತೇದಾರಿ ಕಾದಂಬರಿ ಓದಿ ಮುಗಿಸಿದೆ. ಈಗಿರುವ ಹಾಗೆ ಅಚ್ಚಿಗೆ ಕಳಿಸಲು ಆಗುವುದಿಲ್ಲ. ಹಾಗಂತ ಮೂಲೆಗೆ ಹಾಕುವ ಬರಹವೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಶಿರಸಿ ಕಡೆಯ ಹಳ್ಳಿ, ನಿವೃತ್ತ ಟೀಚರ್ ಶಾರದಕ್ಕ, ಜಗಲಿಯ ಹರಟೆ, ನಡುವೆ ಒಂದು ಹೆಣ. ರಕ್ತ ಚೆಲ್ಲಾಡದೆ, ರಾತ್ರಿ ಮಲಗುವ ಮುಂಚೆ ನಗುತ್ತಾ ಓದಬಹುದಾದ ಕೊಲೆ ಕತೆ. ಇಂಥದ್ದು ನನಗೂ ಇಷ್ಟ. ಇಂಥ ಕತೆಗಳ ಓದುಗರು ಬಹಳ ಉದಾರಿಗಳು. ಒಂದು ಚಿಕ್ಕ ಊರಲ್ಲಿ ನಾಲ್ಕು ಕೊಲೆಯಾದರೂ ಜನ ನೆಮ್ಮದಿಯಾಗಿ ಕವಳ ಹಾಕುತ್ತಾ ಕೂತಿದ್ದಾರಲ್ಲ ಅಂತ ಯಾರೂ ಕೇಳುವುದಿಲ್ಲ. ನಿಮ್ಮ ಸಬ್ ಇನ್ಸ್‌ಪೆಕ್ಟರ್ ಪೋಸ್ಟ್‌ಮಾರ್ಟಂ ವರದಿಯನ್ನು ಶಾರದಕ್ಕನ ಕೈಗಿಟ್ಟು, ತಾನು ಕೋಡುಬಳೆ ಮುರಿಯುತ್ತಾ ಕೂರುತ್ತಾನೆ. ಯಾವ ಠಾಣೆಯಲ್ಲೂ ನಡೆಯದ ಮಾತು. ಇರಲಿ ಬಿಡಿ, ಆ ಪುಟ ಓದಿ ಜೋರಾಗಿ ನಕ್ಕೆ.

ಮೋಸವನ್ನು ಮಾತ್ರ ಓದುಗರು ಸಹಿಸುವುದಿಲ್ಲ. ನಿಮ್ಮ ಕೊಲೆಗಾರ, ಮುಂಬೈಯಿಂದ ಬಂದ ಅಳಿಯ, ಮೊದಲ ಸಲ ಮುಖ ತೋರಿಸುವುದು 190ನೇ ಪುಟದಲ್ಲಿ. ಕಾದಂಬರಿ ಇರುವುದೇ 212 ಪುಟ! ರೊನಾಲ್ಡ್ ನಾಕ್ಸ್ ಎಂಬ ಇಂಗ್ಲೆಂಡಿನ ಪಾದ್ರಿ 1929ರಲ್ಲಿ ಪತ್ತೇದಾರಿ ಕತೆಗೆ ಹತ್ತು ನಿಯಮ ಬರೆದಿದ್ದರು. ಅಪರಾಧಿ ಕತೆಯ ಶುರುವಿನಲ್ಲೇ ಬಂದಿರಬೇಕು ಅನ್ನುವುದೇ ಮೊದಲನೆಯದು. ಉಳಿದವನ್ನು ಬೇಕಾದರೆ ಮುರಿಯಿರಿ, ಇದನ್ನು ಬೇಡ.

ವಿಷದ ವಿಷಯ. ರಾತ್ರಿ ಕಷಾಯದಲ್ಲಿ ಸಯನೈಡ್ ಕುಡಿದ ಹೆಗಡೆಯವರು ಬೆಳಿಗ್ಗೆ ದೋಸೆ ತಿಂದು, ತೋಟ ಸುತ್ತಿ, ಆಮೇಲೆ ಸಾಯುತ್ತಾರೆ. ಸಯನೈಡ್ ಅಷ್ಟೊತ್ತು ಕಾಯುವುದಿಲ್ಲ. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿದವರು. 1920ರಲ್ಲಿ ಬಂದ ಅವರ ಮೊದಲ ಕಾದಂಬರಿಯ ವಿಷದ ವಿವರವನ್ನು ಔಷಧಶಾಸ್ತ್ರದ ಪತ್ರಿಕೆಯೇ ಮೆಚ್ಚಿತ್ತು. ನೀವು ನಿಮ್ಮೂರ ಡಾಕ್ಟರನ್ನು ಒಂದು ಮಾತು ಕೇಳಿ. ಯಾಕೆ ಕೇಳುತ್ತಿದ್ದೀರಿ ಅಂತ ಮೊದಲೇ ಹೇಳಿಬಿಡಿ!

ಇನ್ನು ಉಪ್ಪಿನಕಾಯಿ. ತೊಟ್ಟು ಇರುವ ಮಾವಿನ ಮಿಡಿ ಆರಿಸುವುದು, ಚಿರುಟುವ ತನಕ ಉಪ್ಪಲ್ಲಿ ಇಡುವುದು, ಸಾಸಿವೆ ಅರೆಯುವುದು, ಭರಣಿಯ ಬಾಯಿಗೆ ಬಟ್ಟೆ ಕಟ್ಟುವುದು. ಐದು ಪುಟ. ಬಾಯಲ್ಲಿ ನೀರು ಬಂತು ನಿಜ, ಆದರೆ ಕತೆ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಅದೇ ಪುಟಗಳಲ್ಲಿ ಪಕ್ಕದ ಮನೆಯ ಭಟ್ಟ, ಕೊಲೆಯಾದ ಬೆಳಿಗ್ಗೆ ತಾನು ಹೊಳೆದಂಡೆಯ ಮರ ಹತ್ತಿ ಅಪ್ಪೆಮಿಡಿ ಕೊಯ್ಯುತ್ತಿದ್ದೆ ಅನ್ನುತ್ತಾನೆ. ನಿಮ್ಮ ಕತೆ ನಡೆಯುವುದು ಆಷಾಢದಲ್ಲಿ. ಆ ಮಳೆಯಲ್ಲಿ ಮಿಡಿ ಎಲ್ಲಿಂದ ಬರಬೇಕು? ಅದು ಬೇಸಿಗೆಯಲ್ಲೇ ಮುಗಿದಿರುತ್ತದೆ, ಅಲ್ವಾ?

ನೀವು ಬೇಕಂತಲೇ ಬರೆದದ್ದಲ್ಲ ಅಂತ ಗೊತ್ತು. ಆದರೂ ತಿದ್ದಬೇಡಿ. ಅದು ಭಟ್ಟನ ಸುಳ್ಳಾಗಲಿ. ಸಾಸಿವೆ, ಭರಣಿಗಳ ನಡುವೆ ಆ ಮಾತು ಹಾಗೇ ಹಾದುಹೋಗಲಿ, ಶಾರದಕ್ಕನಿಗೆ ಮಾತ್ರ ಕೊನೆಯಲ್ಲಿ ಹೊಳೆಯಲಿ. ಶಿರಸಿಯ ಓದುಗರು ಅಲ್ಲೇ ಹಿಡಿದುಬಿಡಬಹುದು. ಹಿಡಿಯಲಿ, ಅವರಿಗೆ ಆ ಖುಷಿಯೇ ಜಾಸ್ತಿ. ಭಟ್ಟನ ಬೇಲಿ ಜಗಳ ಹೇಗೂ ಎರಡನೇ ಅಧ್ಯಾಯದಲ್ಲೇ ಇದೆ. ಕಷಾಯವನ್ನು ಬೆಳಿಗ್ಗೆಗೆ ತಳ್ಳಿ. ಅಳಿಯನನ್ನು ಮುಂಬೈಗೆ ವಾಪಸ್ ಕಳಿಸಿ.

ತಿದ್ದಿದ ಪ್ರತಿ ಕಳಿಸಿ, ಓದುತ್ತೇನೆ.

– ಸಂಪಾದಕ