ಶೆಡ್‌ಗಳಲ್ಲಿರುವ ಪುಟ್ಟ ಮಕ್ಕಳ ಕುಟುಂಬಗಳಿಗೆ ತಿಂಗಳಿಗೆ ಮೂರು ಸಾವಿರ ರೂಪಾಯಿಯಲ್ಲಿ ಯಾವ ನೆರವು ನೀಡಬಹುದು?

ಬೆಂಗಳೂರಿನ ನಿಮ್ಮ ಬಡಾವಣೆಯ ಪಕ್ಕದಲ್ಲಿ ಯಾದಗಿರಿ, ರಾಯಚೂರು ಕಡೆಯಿಂದ ಬಂದ ಕಟ್ಟಡ ಕಾರ್ಮಿಕರ ಶೆಡ್‌ಗಳಿವೆಯೆಂದೂ, ಅಲ್ಲಿನ ಎಳೆಯ ಮಕ್ಕಳಿಗಾಗಿ ತಿಂಗಳಿಗೆ ಮೂರು ಸಾವಿರ ರೂಪಾಯಿ ತೆಗೆದಿಡಲು ಸಿದ್ಧರಿದ್ದೀರೆಂದೂ ಬರೆದಿದ್ದೀರಿ. ಹಾಲಿನ ಪುಡಿ, ಬಟ್ಟೆ, ಆಟಿಕೆಗಳನ್ನು ಕೊಡಿಸಬೇಕೆ, ತಾಯಂದಿರ ಕೈಗೇ ಹಣ ಕೊಡಬೇಕೆ ಅಥವಾ ಸಂಸ್ಥೆಯೊಂದಕ್ಕೆ ಕೊಡಬೇಕೆ ಎಂಬುದು ನಿಮ್ಮ ಪ್ರಶ್ನೆ. ಇಂತಹ ಮಕ್ಕಳಿಗಾಗಿ ನಡೆಯುವ ಒಂದು ಶಿಶುಪಾಲನಾ ಕೇಂದ್ರದ ಲೆಕ್ಕಪತ್ರಗಳನ್ನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿರುವವಳಾಗಿ ಹೇಳುವುದಾದರೆ, ಮೂರು ವರ್ಷದೊಳಗಿನ ಮಗುವಿಗೆ ಶೆಡ್‌ನಲ್ಲಿ ಇರುವ ಅತಿ ದೊಡ್ಡ ಕೊರತೆಯೆಂದರೆ ಹಗಲು ಹೊತ್ತಿನಲ್ಲಿ ಅದನ್ನು ನೋಡಿಕೊಳ್ಳುವ ದೊಡ್ಡವರು ಯಾರೂ ಇಲ್ಲದಿರುವುದು. ಆದ್ದರಿಂದ ನಿಮ್ಮ ಹಣ ಅಂತಹ ಒಬ್ಬ ಆರೈಕೆದಾರಳ ಸಂಬಳಕ್ಕೆ ಹೋಗಲಿ ಎಂಬುದು ನನ್ನ ಸಲಹೆ.

ಒಂದು ವರ್ಷದ ಮಗುವಿನ ಹೊಟ್ಟೆ ಚಿಕ್ಕದು; ಅದಕ್ಕೆ ದಿನಕ್ಕೆ ಮೂರು ನಾಲ್ಕು ಬಾರಿ, ಮೆತ್ತಗೆ ಕಲಸಿ, ಪುಸಲಾಯಿಸಿ ಉಣಿಸಬೇಕಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ಗಾರೆ ಕೆಲಸಕ್ಕೆ ಇಳಿದು ಸಂಜೆ ಆರಕ್ಕೆ ಮರಳುವ ತಾಯಿಗೆ ಅದು ಸಾಧ್ಯವಿಲ್ಲ. ಮಧ್ಯೆ ಎದ್ದು ಹೋದರೆ ಮೇಸ್ತ್ರಿ ಕೂಲಿ ಮುರಿಯುತ್ತಾನೆ. ಹೀಗಾಗಿ ಒಲೆಯ ಪಕ್ಕದ ಡಬ್ಬಿಯಲ್ಲಿ ಅಕ್ಕಿ, ಬೇಳೆ ಇದ್ದೂ ಮಗು ಒಂದು ಪೊಟ್ಟಣ ಕುರುಕಲು ತಿಂಡಿಯ ಮೇಲೆ ಮಧ್ಯಾಹ್ನ ಕಳೆಯುತ್ತದೆ. ಅದನ್ನು ಎತ್ತಿಕೊಂಡು ತಿರುಗುವ ಎಂಟು ಹತ್ತು ವರ್ಷದ ಅಕ್ಕ ಶಾಲೆ ಬಿಟ್ಟಿರುತ್ತಾಳೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅದಕ್ಕೆ ಕಾರಣಗಳು ಹಲವು. ಶೆಡ್‌ಗಳಲ್ಲಿ ನಾನು ಕಂಡ ಮುಖ್ಯ ಕಾರಣ ಉಣಿಸುವ ಕೈ ಇಲ್ಲದಿರುವುದು.

ಕಾನೂನು ಇದನ್ನು ಗಮನಿಸದೆ ಇಲ್ಲ. 2025ರವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಪ್ರಕಾರ, ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಜಾಗದಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆಯ ವ್ಯವಸ್ಥೆ ಇರಬೇಕಿತ್ತು. ಆದರೆ ಕೆಲಸವನ್ನು ಹತ್ತು ಮಂದಿ ತುಂಡು ಗುತ್ತಿಗೆದಾರರಿಗೆ ಹಂಚಿದಾಗ ಯಾರ ಹಾಜರಿ ಪುಸ್ತಕದಲ್ಲೂ ಐವತ್ತು ಹೆಸರು ಕಾಣುತ್ತಿರಲಿಲ್ಲ. ಅಂಗನವಾಡಿಗಳಲ್ಲಿ ಮೂರರಿಂದ ಆರು ವರ್ಷದವರಿಗೆ ಬಿಸಿಯೂಟ, ಹಾಲು ಸಿಗುತ್ತವೆ; ಅದಕ್ಕೂ ಚಿಕ್ಕವರಿಗೆ ಕೊಡುವುದು ಮನೆಗೆ ಒಯ್ಯುವ ಆಹಾರ ಸಾಮಗ್ರಿಯನ್ನು. ನರೇಗಾ ಕೂಲಿಕಾರ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿದ ‘ಕೂಸಿನ ಮನೆ’ ಒಳ್ಳೆಯ ಯೋಜನೆಯೇ, ಆದರೆ ಅದು ಗ್ರಾಮ ಪಂಚಾಯಿತಿಗಳದ್ದು. ನಿಮ್ಮ ಪಕ್ಕದ ಶೆಡ್‌ನ ಒಂದೂವರೆ ವರ್ಷದ ಮಗು ಇವುಗಳ ಸಂದಿಯಲ್ಲಿ ಉಳಿದುಹೋಗುತ್ತದೆ. ದೆಹಲಿಯಲ್ಲಿ ಮೀರಾ ಮಹಾದೇವನ್ ಅವರು 1969ರಲ್ಲಿ ‘ಮೊಬೈಲ್ ಕ್ರೆಷಸ್’ ಎಂಬ ಶಿಶುಪಾಲನಾ ಸಂಸ್ಥೆಯನ್ನು ಆರಂಭಿಸಿದ್ದು ಕಾಮಗಾರಿಯ ಜಾಗದಲ್ಲಿ ಇಂತಹ ಮಕ್ಕಳನ್ನು ಕಂಡೇ.

ಮೂರು ಸಾವಿರಕ್ಕೆ ಒಬ್ಬ ಆರೈಕೆದಾರಳ ಪೂರ್ತಿ ಸಂಬಳ ಹೊಂದುವುದಿಲ್ಲ. ನಿಮ್ಮ ಬಡಾವಣೆಯ ನಾಲ್ಕೈದು ಮನೆಯವರು ಸೇರಿದರೆ ಹೊಂದುತ್ತದೆ. ಅದೇ ಶೆಡ್‌ಗಳಲ್ಲಿ ಬಾಣಂತನ ಮುಗಿಸಿ ಇನ್ನೂ ಕೆಲಸಕ್ಕೆ ಮರಳದ ಹೆಂಗಸರು ಇರುತ್ತಾರೆ. ಶಿಶುಪಾಲನಾ ಕೇಂದ್ರ ನಡೆಸುವ ಸಂಸ್ಥೆ ಅಂಥವರಿಗೆ ತರಬೇತಿ ಕೊಟ್ಟು ನೇಮಿಸಿಕೊಂಡರೆ, ಮಗುವಿನ ಭಾಷೆ ಬಲ್ಲವರೇ ಅದನ್ನು ನೋಡಿಕೊಂಡಂತಾಗುತ್ತದೆ. ಒಬ್ಬಳಿಗೆ ಎಂಟು ಹತ್ತು ಕೂಸುಗಳಿಗಿಂತ ಹೆಚ್ಚು ವಹಿಸುವ ಕೇಂದ್ರವನ್ನು ನಾನು ನಂಬುವುದಿಲ್ಲ.

ಹಾಲಿನ ಪುಡಿಯ ವಿಚಾರವನ್ನು ದಯವಿಟ್ಟು ಕೈಬಿಡಿ. ಎದೆಹಾಲಿಗೆ ಬದಲಾಗಿ ಕೊಡುವ ಶಿಶು ಆಹಾರದ ಡಬ್ಬಿಗಳನ್ನೂ ಹಾಲೂಡಿಸುವ ಬಾಟಲಿಗಳನ್ನೂ ಅನಾಥಾಲಯಗಳಿಗೆ ಹೊರತು ಬೇರೆಯವರಿಗೆ ದಾನವಾಗಿ ಹಂಚುವುದನ್ನು 1992ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಟ್ಯಾಂಕರ್ ನೀರಿನಲ್ಲಿ ಪುಡಿ ಕಲಸಿದರೆ ಭೇದಿ, ಡಬ್ಬಿ ಮುಗಿದ ಮೇಲೆ ತಾಯಿಗೆ ಎದೆಹಾಲೂ ಬತ್ತಿರುತ್ತದೆ. ಆರು ತಿಂಗಳು ದಾಟಿದ ಮಕ್ಕಳಿಗೆ ಏನಾದರೂ ಕೊಡಿಸಲೇಬೇಕೆಂದಿದ್ದರೆ ಕೇಂದ್ರಕ್ಕೆ ದಿನವೂ ಮೊಟ್ಟೆ ತಲುಪುವಂತೆ ಮಾಡಿ. ಆಟಿಕೆಗಳು ಹಬ್ಬ, ಹುಟ್ಟುಹಬ್ಬಗಳ ನೆಪದಲ್ಲಿ ಬೇಕಾದಷ್ಟು ಬಂದು ಬೀಳುತ್ತವೆ.

ತಾಯಿಯ ಕೈಗೆ ಹಣ ಕೊಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಕೊಟ್ಟರೆ ಗಂಡ ಕುಡಿದು ಹಾಳು ಮಾಡುತ್ತಾನೆ ಎಂಬುದು ಹೊರಗಿನವರು ಸುಲಭವಾಗಿ ಆಡುವ ಮಾತು. ಹಣ ನಿಜಕ್ಕೂ ಉಪಯೋಗಕ್ಕೆ ಬರುವ ಹೊತ್ತು ಬೇರೆಯೇ ಇದೆ. ಆರು ತಿಂಗಳು ದಾಟಿದ, ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇರುವ ಮಗು ತೀವ್ರ ಅಪೌಷ್ಟಿಕತೆಗೆ ಒಳಗಾಗಿದೆ ಎಂದರ್ಥ. ಸ್ಥಿತಿ ಗಂಭೀರವಿದ್ದರೆ ಅದನ್ನು ಸರ್ಕಾರಿ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿ, ತಾಯಿಯೂ ಸುಮಾರು ಎರಡು ವಾರ ಅಲ್ಲೇ ಇರಬೇಕಾಗುತ್ತದೆ. ಚಿಕಿತ್ಸೆಗೆ ಕಾಸು ಕೊಡಬೇಕಿಲ್ಲ, ಆದರೂ ಅನೇಕ ತಾಯಂದಿರು ಒಪ್ಪುವುದಿಲ್ಲ, ಏಕೆಂದರೆ ಅಷ್ಟು ದಿನದ ಕೂಲಿ ಹೋಗುತ್ತದೆ ಮತ್ತು ಶೆಡ್‌ನಲ್ಲಿ ಉಳಿದ ಮಕ್ಕಳಿಗೆ ಅನ್ನ ಬೇಯಿಸುವವರಿಲ್ಲ. ಆಗ ಆ ಕೂಲಿಯನ್ನು ತುಂಬಿಕೊಡುವುದು ನಾನು ಕಂಡ ಅತ್ಯಂತ ಸಾರ್ಥಕ ದಾನಗಳಲ್ಲೊಂದು.

ಸಂಸ್ಥೆಯನ್ನು ಆರಿಸುವಾಗ ವಾರ್ಷಿಕ ವರದಿಯ ಚಿತ್ರಗಳಿಗಿಂತ ಮಕ್ಕಳ ತೂಕದ ಪುಸ್ತಕವನ್ನು ತೋರಿಸಲು ಹೇಳಿ. ತಿಂಗಳು ತಿಂಗಳು ತೂಕ ಬರೆದಿಡದ ಕೇಂದ್ರ ಬರೀ ಮಕ್ಕಳನ್ನು ಕೂಡಿಹಾಕುವ ಜಾಗ. ನಿಮ್ಮ ಹಣ ಸಂಬಳಕ್ಕೆ ಹೋಗುತ್ತದೆಯೇ ಎಂದು ಸಂಕೋಚವಿಲ್ಲದೆ ಕೇಳಿ, ಅದನ್ನು ‘ಆಡಳಿತ ವೆಚ್ಚ’ ಎಂದು ಬಚ್ಚಿಡುವ ಅಗತ್ಯ ಅವರಿಗೆ ಬೀಳದಿರಲಿ. ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಆದ್ದರಿಂದ ಬ್ಯಾಂಕಿನ ಮೂಲಕವೇ ಪಾವತಿಸಿ ರಸೀದಿ ಪಡೆಯಿರಿ.