ಎಬಿಐ 1.45 ಬಂದರೆ ಕಾಲಿನ ರಕ್ತಸಂಚಾರ ಚೆನ್ನಾಗಿದೆಯೆಂದೇ?

ಪ್ರಶ್ನೆ: ನನ್ನ ತಂದೆಯವರಿಗೆ 66 ವರ್ಷ. 18 ವರ್ಷಗಳಿಂದ ಮಧುಮೇಹವಿದೆ, ಬೀಡಿ ಬಿಟ್ಟಿಲ್ಲ. 200 ಮೀಟರ್ ನಡೆಯುವಷ್ಟರಲ್ಲಿ ಬಲ ಮೀನಖಂಡ ಹಿಡಿದುಕೊಳ್ಳುತ್ತದೆ. ನಿಂತರೆ ಕೆಲವೇ ನಿಮಿಷಗಳಲ್ಲಿ ಸರಿಹೋಗುತ್ತದೆ. ಶಿಬಿರವೊಂದರಲ್ಲಿ ಕಣಕಾಲಿನ ರಕ್ತದೊತ್ತಡವನ್ನು ತೋಳಿನದರೊಂದಿಗೆ ಹೋಲಿಸುವ ಎಬಿಐ ಪರೀಕ್ಷೆ ಮಾಡಿ, 1.45 ಇದೆ, ತೊಂದರೆಯಿಲ್ಲ ಎಂದರು. ಹಾಗಾದರೆ ಈ ನೋವೇಕೆ?

ಉತ್ತರ: 1.45 ಸಮಾಧಾನಪಡುವ ಅಂಕಿಯಲ್ಲ. ಈ ಅನುಪಾತ 1.00ರಿಂದ 1.40ರವರೆಗೆ ಇದ್ದರೆ ಸಹಜ, 0.90 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಾಲಿನ ಅಪಧಮನಿ ಕಿರಿದಾಗಿದೆಯೆಂದು ತಿಳಿಯುತ್ತೇವೆ. ಆದರೆ ಬಹುಕಾಲದ ಮಧುಮೇಹದಲ್ಲಿ ಅಪಧಮನಿಯ ಗೋಡೆಗೆ ಕ್ಯಾಲ್ಸಿಯಂ ಸೇರಿ ಅದು ಗಡುಸಾಗುವುದರಿಂದ, ಪಟ್ಟಿಗೆ ಗಾಳಿ ತುಂಬಿ ಒತ್ತಿದರೂ ನಾಳ ಸುಲಭವಾಗಿ ಅಮುಕಿಕೊಳ್ಳುವುದಿಲ್ಲ. ಒಳಗೆ ಹರಿಯುವ ರಕ್ತ ಕಡಿಮೆಯಿದ್ದರೂ ಯಂತ್ರ ಹೆಚ್ಚಿನ ಒತ್ತಡವನ್ನೇ ತೋರಿಸುತ್ತದೆ. ಬೆರಳಿನ ಸಣ್ಣ ನಾಳಗಳು ಸಾಮಾನ್ಯವಾಗಿ ಇಷ್ಟು ಗಡುಸಾಗುವುದಿಲ್ಲವಾದ್ದರಿಂದ ಕಾಲಿನ ಹೆಬ್ಬೆರಳಿನ ಒತ್ತಡವನ್ನು ಅಳೆಯಿಸಿ. ತೋಳಿನೊಂದಿಗೆ ಅದರ ಅನುಪಾತ 0.70 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಸಹಜ. ಅಡಚಣೆ ಎಲ್ಲಿದೆಯೆಂಬುದನ್ನು ಡಾಪ್ಲರ್ ಸ್ಕ್ಯಾನ್ ತೋರಿಸುತ್ತದೆ.

ಬೆನ್ನುಹುರಿಯ ನರ ಒತ್ತಿಕೊಂಡವರಿಗೂ ನಡೆದರೆ ಕಾಲು ನೋಯುತ್ತದೆ, ಆದರೆ ಅವರಿಗೆ ಸುಮ್ಮನೆ ನಿಂತರೆ ಸಾಲದು, ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಹಿತವೆನಿಸುತ್ತದೆ. ನಿಮ್ಮ ತಂದೆಯವರ ಲಕ್ಷಣ ರಕ್ತನಾಳದ ಕಡೆಗೇ ಬೊಟ್ಟು ಮಾಡುತ್ತದೆ.

ರೋಗ ದೃಢಪಟ್ಟರೆ ಮೊದಲು ಬೀಡಿ ಪೂರ್ತಿಯಾಗಿ ನಿಲ್ಲಬೇಕು. ಕಾಲಿನ ನಾಳ ಕಟ್ಟಿಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯವೂ ಹೆಚ್ಚಾದ್ದರಿಂದ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್ ಅನ್ನೂ ವೈದ್ಯರು ಸಾಮಾನ್ಯವಾಗಿ ಕೊಡುತ್ತಾರೆ. ನಡಿಗೆಯ ದೂರ ಹೆಚ್ಚಿಸುವ ಸಿಲೋಸ್ಟಜೋಲ್ ಎಂಬ ಮಾತ್ರೆಯನ್ನು ಹೃದಯ ವೈಫಲ್ಯವಿರುವವರು ತೆಗೆದುಕೊಳ್ಳಲೇಬಾರದು.

ನೋವಿಗೆ ಹೆದರಿ ನಡೆಯುವುದನ್ನೇ ಬಿಟ್ಟವರನ್ನು ಕಂಡಾಗ ನನಗೆ ಬಹಳ ಬೇಸರವಾಗುತ್ತದೆ, ಏಕೆಂದರೆ ಈ ರೋಗಕ್ಕೆ ನಡಿಗೆಯೇ ಒಂದು ಮದ್ದು. ಹೃದಯವನ್ನೂ ಪಾದವನ್ನೂ ವೈದ್ಯರಿಗೆ ತೋರಿಸಿದ ಬಳಿಕ, ನೋವು ಸಾಕಷ್ಟು ಏರುವವರೆಗೆ ನಡೆದು, ನಿಂತು, ಅದು ಇಳಿದ ಮೇಲೆ ಮತ್ತೆ ನಡೆಯುವುದನ್ನು ದಿನಕ್ಕೆ 30ರಿಂದ 45 ನಿಮಿಷದಂತೆ ವಾರಕ್ಕೆ 3 ದಿನ, ಕನಿಷ್ಠ 12 ವಾರ ಮಾಡಬೇಕು. ಇಷ್ಟಾದರೂ ಬದುಕು ಕಷ್ಟವೆನಿಸಿದರೆ ಆಗ ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್‌ನ ಮಾತು.

ಪಾದವನ್ನು ದಿನವೂ ನೋಡಿ. ಸ್ಪರ್ಶಜ್ಞಾನ ಕುಗ್ಗಿದ ಕಾಲಿಗೆ ಬಿಸಿನೀರಿನ ಶಾಖ ಬೇಡ, ಸುಟ್ಟರೂ ತಿಳಿಯುವುದಿಲ್ಲ. ಮಂಚದಿಂದ ಕಾಲು ಇಳಿಬಿಟ್ಟರಷ್ಟೇ ಇಳಿಯುವ ರಾತ್ರಿಯ ನೋವು, ಮಾಯದ ಗಾಯ, ಕಪ್ಪಾಗುವ ಬೆರಳು ಕಂಡರೆ ತಡಮಾಡದೆ ರಕ್ತನಾಳ ಶಸ್ತ್ರಚಿಕಿತ್ಸಕರಲ್ಲಿಗೆ ಹೋಗಿ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದರೆ ಬೆಳಗಾಗಲಿ ಎಂದು ಕಾಯಬೇಡಿ; ಕಾಲು ಉಳಿಸಲು ಆಗ ಇರುವುದು ಕೆಲವೇ ಗಂಟೆ.