ನೆರೆ ಯಾರು, ನೆರೆಗೆ ಸಿಕ್ಕವರು ಯಾರು?

ಪ್ರಶ್ನೆ: ಟಿವಿಯಲ್ಲಿ ‘ನಿರಾಶ್ರಿತರ ಮಹಾಪೂರ’ ಅಂದದ್ದಕ್ಕೆ ಕಾಲೇಜಿಗೆ ಹೋಗುವ ನನ್ನ ಮಗಳು ಸಿಟ್ಟಾದಳು. ಜಾಸ್ತಿ ಜನ ಬಂದರು ಅನ್ನೋದಕ್ಕೆ ಒಂದು ಮಾತು, ಅಷ್ಟೇ ಅಲ್ವಾ?
– ಓದುಗರೊಬ್ಬರು, ಗೋಕಾಕ

ಉತ್ತರ: ಮಗಳ ಸಿಟ್ಟು ನ್ಯಾಯವಾಗಿದೆ. ನೀವು ಗೋಕಾಕದವರು, 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಊರೊಳಗೆ ನುಗ್ಗಿದ್ದು ನಿಮಗೆ ಮರೆತಿರಲಿಕ್ಕಿಲ್ಲ. ಮಕ್ಕಳನ್ನು ಎತ್ತಿಕೊಂಡು, ದನ ಬಿಚ್ಚಿಕೊಂಡು ಓಡಿದವರನ್ನು ಆಗ ನೆರೆ ಸಂತ್ರಸ್ತರು ಅಂದೆವು. ಅವರನ್ನೇ ನೆರೆ ಅಂದಿದ್ದರೆ ಹೇಗಿರುತ್ತಿತ್ತು? 2015ರಲ್ಲಿ ಯುರೋಪಿನಲ್ಲಿ ಆದದ್ದು ಅದೇ. ಸಿರಿಯಾದ ಯುದ್ಧದಿಂದ ಜೀವ ಉಳಿಸಿಕೊಳ್ಳಲು ರಬ್ಬರ್ ದೋಣಿ ಹತ್ತಿ ಬಂದವರನ್ನೇ ಪ್ರವಾಹ, ಅಲೆ ಎಂದು ಬರೆದರು. ನೀರು ಬಂದರೆ ಒಡ್ಡು ಕಟ್ಟುತ್ತೇವೆ, ಯಾಕೆ ಬಂದೆ ಅಂತ ನೀರನ್ನು ಯಾರೂ ಕೇಳುವುದಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಹಂಗರಿ ದೇಶ ಸರ್ಬಿಯಾ ಕಡೆಯ ತನ್ನ ಗಡಿಯನ್ನು ಮುಳ್ಳುತಂತಿ ಬೇಲಿ ಹಾಕಿ ಮುಚ್ಚಿತು. ಬರೀ ಮಾತಿನಿಂದ ಬೇಲಿ ಎದ್ದಿತು ಅನ್ನುತ್ತಿಲ್ಲ, ಆದರೆ ‘ಪ್ರವಾಹ’ ಅಂತ ದಿನವೂ ಕೇಳಿದವರಿಗೆ ಬೇಲಿ ಸಹಜವಾಗಿಯೇ ಕಾಣುತ್ತದೆ.

ಲೆಕ್ಕವನ್ನೂ ನೋಡಿ. ಆ ವರ್ಷ ಸಮುದ್ರ ದಾಟಿ ಯುರೋಪಿಗೆ ಬಂದವರು ಸುಮಾರು 10 ಲಕ್ಷ. ಯುರೋಪಿಯನ್ ಒಕ್ಕೂಟದ ಜನಸಂಖ್ಯೆ ಆಗ ಸುಮಾರು 50 ಕೋಟಿ. ಅಂದರೆ 500 ಜನಕ್ಕೆ ಒಬ್ಬರು. ಸಿರಿಯಾದ ಪಕ್ಕದ ಪುಟ್ಟ ದೇಶ ಲೆಬನಾನ್‌ನಲ್ಲಿ ಆಗ ನಾಲ್ಕೈದು ಜನಕ್ಕೆ ಒಬ್ಬರು ಸಿರಿಯಾದ ನಿರಾಶ್ರಿತರಿದ್ದರು!

ನೀರಿಗಿಂತ ನನಗೆ ಹೆಚ್ಚು ಭಯ ಹುಳುವಿನ ಮಾತಿನದು. ಅದೇ 2015ರ ಜುಲೈನಲ್ಲಿ ಬ್ರಿಟನ್ನಿನ ಆಗಿನ ಪ್ರಧಾನಿ ಡೇವಿಡ್ ಕ್ಯಾಮರೂನ್, ಜೇನು, ಮಿಡತೆಗಳ ದಂಡಿಗೆ ಬಳಸುವ ಪದವನ್ನೇ ಈ ಜನಕ್ಕೂ ಬಳಸಿದರು. ಆಫ್ರಿಕಾದ ರುವಾಂಡಾದಲ್ಲಿ 1994ರಲ್ಲಿ ರೇಡಿಯೊ ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಜನರನ್ನು ಜಿರಳೆ ಅನ್ನುತ್ತಲೇ ಇತ್ತು. ಆ ವರ್ಷವೇ ಆ ಜನರ ಕಗ್ಗೊಲೆ ನಡೆಯಿತು. ಎರಡೂ ಒಂದೇ ಅಲ್ಲ, ನಿಜ. ಆದರೂ ಮನುಷ್ಯರಿಗೆ ಹುಳುವಿನ ಹೆಸರು ಬಿದ್ದ ಕೂಡಲೇ ನಾವು ಎಚ್ಚರಾಗಬೇಕು.

ಪ್ರಶ್ನೆ: ಹಾಗಾದರೆ ಸುಮ್ನೆ ‘ವಲಸಿಗರು’ ಅಂದರೆ ಸಾಲದೇ?
– ಇನ್ನೊಬ್ಬ ಓದುಗರು, ರಾಯಚೂರು

ಉತ್ತರ: ನಿಮ್ಮ ಕಡೆಯಿಂದ ಬೆಂಗಳೂರು, ಪುಣೆಗೆ ಗುಳೆ ಹೋದವರು ಹಬ್ಬಕ್ಕೆ, ಜಾತ್ರೆಗೆ ಊರಿಗೆ ಬರಬಹುದು. ನಿರಾಶ್ರಿತರಿಗೆ ಹಾಗೆ ಬರಲಾಗದು, ಬಂದರೆ ಜೀವಕ್ಕೇ ಅಪಾಯ. 1951ರ ವಿಶ್ವಸಂಸ್ಥೆಯ ಒಪ್ಪಂದ ಅವರನ್ನು ಗುರುತಿಸುವುದೇ ಈ ಭಯದಿಂದ. ಅದಕ್ಕೇ 2015ರ ಆಗಸ್ಟ್‌ನಲ್ಲಿ ಅಲ್ ಜಜೀರಾ ಸುದ್ದಿಸಂಸ್ಥೆ, ಮೆಡಿಟರೇನಿಯನ್ ದಾಟಿ ಬರುವವರನ್ನು ಇನ್ನು ವಲಸಿಗರು ಅನ್ನುವುದಿಲ್ಲ ಎಂದು ಹೇಳಿತು. ದೋಣಿಯಲ್ಲಿ ಬಂದ ಎಲ್ಲರೂ ನಿರಾಶ್ರಿತರೇ ಆಗಿರಬೇಕೆಂದಿಲ್ಲ. ಯಾರು ಏನು ಅಂತ ತಿಳಿಯದಿದ್ದಾಗ ನಾನು ‘ಜನ’ ಅಂತಷ್ಟೇ ಬರೆಯುತ್ತೇನೆ.